ಹುಣಸೆದೊಡ್ಡಿಯ ಒಂದು ಲೀಟರ್

ಹೋದ ವಾರ ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ರಾಮನಗರಕ್ಕೆ ಹೋಗಿದ್ದೆವು. ಒಬ್ಬಟ್ಟಿನ ಊಟ ಮುಗಿಸಿ, ಎಲೆ ಅಡಿಕೆ ಜಗಿಯುತ್ತಾ, ಬಸ್ ನಿಲ್ದಾಣಕ್ಕೆ ನಡೆದೇ ಹೋಗೋಣವೆಂದು ಹೊರಟವನು ಹಳೆಯ ಚಿಲ್ಲಿಂಗ್ ಸೆಂಟರಿನ ಗೇಟಿನ ಮುಂದೆ ನಿಂತುಬಿಟ್ಟೆ. ಒಳಗೆ ಹಾಲಿನ ಕ್ಯಾನುಗಳನ್ನು ತೊಳೆಯುತ್ತಿದ್ದರು. ಬಿಸಿ ಆವಿ, ಸೋಡಾ ಪುಡಿ, ಅವೆರಡರ ಹಿಂದೆ ಎಲ್ಲೋ ಒಂದಿಷ್ಟು ಹುಳಿಹಾಲು, ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಆ ಮಳೆಗಾಲ ಇಡಿಯಾಗಿ ಕಣ್ಣಮುಂದೆ ಬಂತು.

"ಈ ಗಬ್ಬುವಾಸನೇಲಿ ಏನ್ ಕಂಡ್ರಿ ಅಂತ ನಿಂತ್ಬುಟ್ರಿ? ಬಸ್ ಹೊಂಟೋಯ್ತದೆ ಬನ್ನಿ" ಎಂದು ಹೆಂಡತಿ ನಾಗರತ್ನ ಸೆರಗಿನಿಂದ ಮೂಗು ಮುಚ್ಚಿಕೊಂಡು ಕರೆದಳು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಈ ವಾಸನೆಯನ್ನು ಅಂಗಿಯಲ್ಲಿ ಹೊತ್ತು ಮನೆಗೆ ಬಂದಾಗ ಅವಳೇ ಅದನ್ನು ಒಗೆದಿದ್ದಾಳೆ. ಆದ್ದರಿಂದ ನಾನು ವಾದ ಮಾಡದೆ ನಡೆದೆ. ಕನಕಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಊರು ತಲುಪುವವರೆಗೂ ಅದೇ ನೆನಪು.

ಆಗ ನಾನು ಆ ಸೆಂಟರಿನಲ್ಲಿ ವರದಿಗಳ ಗುಮಾಸ್ತ. ಸುತ್ತಲಿನ ಹಳ್ಳಿಗಳಲ್ಲಿ ಜನ ಡೇರಿಗೆ ಹಾಲು ಹಾಕುತ್ತಾರೆ. ನಮ್ಮ ಸಂಸ್ಥೆಯ ವ್ಯಾನು ಆ ಡೇರಿಗಳಿಗೆಲ್ಲ ಹೋಗಿ ಕ್ಯಾನು ತುಂಬಿಕೊಂಡು ಬರುತ್ತದೆ. ನಾವು ಹಾಲನ್ನು ಪರೀಕ್ಷಿಸಿ, ತಣ್ಣಗೆ ಮಾಡಿ ಮುಂದಕ್ಕೆ ಕಳಿಸುತ್ತೇವೆ. ಪ್ರತಿ ಡೇರಿಯ ಸೆಕ್ರೆಟರಿ ಆ ದಿನ ಎಷ್ಟು ಲೀಟರ್ ಎಂದು ಒಂದು ಚೀಟಿ ಬರೆದು, ಅದರ ಫೋಟೊವನ್ನು ನನ್ನ ವಾಟ್ಸಾಪಿಗೆ ಹಾಕುತ್ತಿದ್ದರು. ಅದನ್ನು ನೋಡಿ ಸಾಫ್ಟ್‌ವೇರಿಗೆ ಕುಟ್ಟುವುದು ನನ್ನ ಕೆಲಸ. ಕುಟ್ಟಿದ್ದನ್ನೆಲ್ಲ ಅದು ಜೀರ್ಣಿಸಿಕೊಂಡು ಹದಿನಾಲ್ಕು ಬಗೆಯ ವರದಿಗಳನ್ನು ಕೊಡುತ್ತಿತ್ತು.

ಆ ಹದಿನಾಲ್ಕಕ್ಕೆ ಸಾಫ್ಟ್‌ವೇರಿನಲ್ಲಿ ಏನೋ ನಂಬರುಗಳಿದ್ದವು, ಅವು ಯಾರಿಗೂ ಬೇಕಿರಲಿಲ್ಲ. ನಮ್ಮಲ್ಲಿ ಓಡುತ್ತಿದ್ದ ಹೆಸರುಗಳೇ ಬೇರೆ. ಒಂದು 'ರಂಗಪ್ಪನ ರಿಪೋರ್ಟು'. ರಂಗಪ್ಪ ಎಂಬ ಸೂಪರ್‌ವೈಸರ್ ಯಾವ ಕಾಲದಲ್ಲೋ ಕೇಳಿ ಮಾಡಿಸಿದ್ದು, ಅವರು ನಿವೃತ್ತರಾಗಿ ಊರು ಸೇರಿದ್ದರೂ ವರದಿ ಮಾತ್ರ ನಿವೃತ್ತಿಯಾಗಿರಲಿಲ್ಲ. 'ಹೊಸಾ ರಿಪೋರ್ಟು' ಎಂಬುದು ಎಲ್ಲಕ್ಕಿಂತ ಹಳೆಯದು. 'ಸೋಮವಾರದ್ದು' ಬರುತ್ತಿದ್ದದ್ದು ಬುಧವಾರ. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಯಾಕೆಂದರೆ ಏನೇ ಬೇಕಾದರೂ "ಮೇಷ್ಟ್ರೇ, ಅದು ಕೊಡಿ" ಎನ್ನುತ್ತಿದ್ದರು, ನಾನು ಅದನ್ನು ಕೊಡುತ್ತಿದ್ದೆ. ನಾನು ಎಂದೂ ಮೇಷ್ಟರ ಕೆಲಸ ಮಾಡಿದವನಲ್ಲ. ಕನ್ನಡ ಎಂ.ಎ. ಮಾಡಿ ಹಾಲಿನ ಸೆಂಟರಿಗೆ ಬಂದವನಿಗೆ ಜನ ಕೊಟ್ಟ ಪದವಿ ಅದು.

ಗೌರಿಹಬ್ಬದ ಹಿಂದಿನ ವಾರ ಮ್ಯಾನೇಜರ್ ತಿಮ್ಮೇಗೌಡರು ಎಲ್ಲರನ್ನೂ ಕರೆದು, ಇನ್ನು ಮುಂದೆ ವರದಿಗಾಗಿ ಯಾರೂ ಯಾರನ್ನೂ ಕಾಯಬೇಕಾಗಿಲ್ಲ, ಎ.ಐ. ಏಜೆಂಟ್ ಬರುತ್ತದೆ, ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ತಾನೇ ಸರಿಯಾದ ವರದಿಯನ್ನು ತೆಗೆದು ಉತ್ತರ ಹೇಳುತ್ತದೆ ಎಂದು ಘೋಷಿಸಿದರು. ನನ್ನ ಎದೆ ಧಸಕ್ಕೆಂದಿತು. "ಮೇಷ್ಟ್ರೇ ಅದು ಕೊಡಿ" ಎನ್ನುವವರೇ ಇಲ್ಲದಿದ್ದರೆ ಮೇಷ್ಟ್ರು ಯಾಕೆ? ಅಷ್ಟರಲ್ಲಿ ಗೌಡರು, "ಆದ್ರೆ ಒಂದೊಂದು ರಿಪೋರ್ಟಿಗೂ ವಿವರಣೆ ಬರೀಬೇಕಂತೆ. ಮೇಷ್ಟ್ರು ಬರೀತಾರೆ, ಎಂ.ಎ. ಮಾಡವ್ರೆ" ಎಂದರು. ಕುಸಿದಿದ್ದ ಎದೆ ತಕ್ಷಣ ಉಬ್ಬಿತು. ಇಪ್ಪತ್ತೈದು ವರ್ಷಗಳಿಂದ ನನ್ನ ಕನ್ನಡಕ್ಕೆ ಕೆಲಸ ಕೊಟ್ಟವರಿರಲಿಲ್ಲ.

ಮೂರು ದಿನ ಕೂತು ಬರೆದೆ. ದಿನದ ಹಾಲಿನ ವರದಿಗೆ ಬರೆದದ್ದು ಇನ್ನೂ ಬಾಯಿಪಾಠ: "ಮುಂಜಾನೆಯ ಮಂಜಿನೊಡನೆ ಹಳ್ಳಿಹಳ್ಳಿಗಳಿಂದ ಹರಿದುಬರುವ ನೊರೆಹಾಲು ನಮ್ಮ ಕೇಂದ್ರವನ್ನು ಸೇರುವ ಅಮೃತಘಳಿಗೆಯ ಸಮಗ್ರ ದರ್ಶನ." ಒಡೆದ ಹಾಲಿನ ವರದಿಗೆ "ವಿಧಿಯಾಟದಿಂದ ಹುಳಿಯಾದ ಕ್ಷೀರದ ಕರುಣಾಜನಕ ಕಥನದ ಸಮಗ್ರ ದರ್ಶನ" ಎಂದು ಬರೆದು, ನನಗೆ ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಏಜೆಂಟನ್ನು ಕೂಡಿಸಲು ಬಂದವಳು ಸುಷ್ಮಾ ಎಂಬ ಇಂಜಿನಿಯರ್. ಚನ್ನಪಟ್ಟಣದವಳು, ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸಾಗುತ್ತಿದ್ದಳು. ನನ್ನ ಹದಿನಾಲ್ಕು ವಿವರಣೆಗಳನ್ನು ಒಂದಕ್ಷರ ತಿದ್ದದೆ ಹಾಕಿ, "ಸರ್, ಪರೀಕ್ಷೆ ಮಾಡೋಣ, ಏನಾದ್ರೂ ಕೇಳಿ" ಎಂದು ತಿಮ್ಮೇಗೌಡರ ಮುಂದೆ ಕಂಪ್ಯೂಟರ್ ತಿರುಗಿಸಿದಳು. ಗೌಡರು ಒಂದೇ ಬೆರಳಿನಲ್ಲಿ, ನಿನ್ನೆ ಎಷ್ಟು ಲೀಟರ್ ಹಾಲು ಹುಳಿಯಾಯಿತು ಎಂದು ಕುಟ್ಟಿದರು. ಏಜೆಂಟ್ ಸ್ವಲ್ಪ ಹೊತ್ತು ಯೋಚಿಸಿ ಹೀಗೆ ಬರೆಯಿತು: "ಇಲ್ಲಿರುವ ಹದಿನಾಲ್ಕು ವರದಿಗಳೂ ಸಮಗ್ರ ದರ್ಶನ ನೀಡುತ್ತವೆ ಎಂದಿದೆ. ತಮಗೆ ಯಾವ ದರ್ಶನ ಬೇಕೆಂದು ದಯವಿಟ್ಟು ತಿಳಿಸುವಿರಾ?"

ವ್ಯಾನ್ ಡ್ರೈವರ್ ಕೆಂಪಣ್ಣ ಬಾಗಿಲಲ್ಲಿ ನಿಂತಿದ್ದ. "ಪಾಪ, ಚೆನ್ನಾಗೇ ಕೇಳ್ತಾವ್ನೆ ಬುಡಿ, ಮೇಷ್ಟ್ರು ಬರ್ದಿದ್ದು ನಮಗೂ ಅರ್ಥಾಗಾಕಿಲ್ಲ" ಎಂದ. ನಾನು ಮಷೀನಿಗೆ ಸಾಹಿತ್ಯದ ಸಂಸ್ಕಾರ ಇಲ್ಲ ಎಂದು ವಾದಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಿತ್ತು ಅದು.

ಸುಷ್ಮಾ ಮಾತ್ರ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಹೇಳಿದಳು: "ಸರ್, ಅದಕ್ಕೆ ವರದಿ ಮೊದಲೇ ಕಾಣಲ್ಲ. ನೀವು ಬರೆದ ನಾಲ್ಕು ಸಾಲು ಮಾತ್ರ ಕಾಣುತ್ತೆ. ಅದನ್ನ ಓದಿ ಯಾವುದು ತೆಗೀಬೇಕು ಅಂತ ತೀರ್ಮಾನ ಮಾಡುತ್ತೆ. ಮನೆಗೆ ಹೊಸ ಅಳಿಯ ಬಂದಿದ್ದಾನೆ ಅಂದ್ಕೊಳ್ಳಿ. ಓದಿದೋನು, ಜಾಣ. ಆದ್ರೆ ನಿಮ್ಮನೇಲಿ ಬಚ್ಚಲು ಯಾವ ಕಡೆ ಅಂತ ಗೊತ್ತಿಲ್ಲ. ನೀವು ತೋರಿಸಿದ ಬಾಗಿಲನ್ನೇ ತೆಗೀತಾನೆ. ಈ ವರದಿಯಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ, ಯಾವಾಗ ಇದನ್ನ ತೆಗೀಬಾರ್ದು, ಅಷ್ಟು ಬರೆದ್ರೆ ಸಾಕು."

ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ಶುರುಮಾಡಿದೆ. ಬರೆಯುತ್ತಾ ಹೋದಂತೆ ತಿಳಿಯಿತು, ಹನ್ನೆರಡು ವರ್ಷ ನಾನು ಕೊಡುತ್ತಿದ್ದ ವರದಿಗಳು ಏನು ಹೇಳುತ್ತವೆಂದು ನನಗೇ ನೆಟ್ಟಗೆ ಗೊತ್ತಿರಲಿಲ್ಲ. ಉದಾಹರಣೆಗೆ, ನಮ್ಮಲ್ಲಿ ದಿನ ಎಂದರೆ ಬೆಳಗಿನಿಂದ ಸಂಜೆಯವರೆಗಲ್ಲ. ಇಂದಿನ ಸಂಜೆಯ ಹಾಲೂ ನಾಳೆ ಬೆಳಗಿನ ಹಾಲೂ ಸೇರಿ ಒಂದು ದಿನ. ಹಾಲಿನವರ ದಿನ ಸಂಜೆ ಹುಟ್ಟುತ್ತದೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. "ಎಲ್ಲರಿಗೂ ಗೊತ್ತಿರೋದನ್ನ ಏನ್ ಬರೆಯೋದು" ಎಂದು ನಾನು ಗೊಣಗಿದಾಗ ಸುಷ್ಮಾ, "ಎಲ್ಲರಿಗೂ ಗೊತ್ತಿರೋದೇ ಸರ್ ಅದಕ್ಕೆ ಗೊತ್ತಿಲ್ಲದೆ ಇರೋದು" ಎಂದಳು. ಸರಿ ಎಂದು ಬರೆದೆ. ರಂಗಪ್ಪನ ರಿಪೋರ್ಟಿನ ಗುಟ್ಟು ತಿಳಿಯಲು ಮಾಗಡಿಯಲ್ಲಿದ್ದ ರಂಗಪ್ಪನವರಿಗೇ ಫೋನು ಮಾಡಿದೆ. ಅವರು ಕೆಮ್ಮಿ, ನೆನಪು ಮಾಡಿಕೊಂಡು, "ಅದಾ? ಯಾವ ಡ್ರೈವರ್ರು ಯಾವ್ಯಾವ ಊರ್ಗೆ ಎಷ್ಟೊತ್ತಿಗೆ ಹೋಯ್ತಾನೆ ಅಂತ ನೋಡಕೆ ಮಾಡ್ಸಿದ್ದೆ ಕಣಪ್ಪಾ. ಇನ್ನೂ ಓಡ್ತಾ ಐತಾ?" ಎಂದು ಸಂತೋಷಪಟ್ಟರು.

ನನಗೆ ಆ ಕೆಲಸದ ಹುಚ್ಚು ಹಿಡಿಯಿತು. ಹುಚ್ಚು ಮನೆಗೂ ಬಂತು. ನಮ್ಮ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ, ಕಾಫಿಪುಡಿ ಡಬ್ಬಿಯಲ್ಲಿ ಮೆಂತ್ಯ. ಒಂದು ಭಾನುವಾರ ಕೂತು ಎಲ್ಲದಕ್ಕೂ ಚೀಟಿ ಅಂಟಿಸಿದೆ: "ಇದು ಸಾಸಿವೆ. ಒಗ್ಗರಣೆಗೆ ಬಳಸುವುದು. ಇದರಲ್ಲಿ ಬಿಸ್ಕತ್ತು ಇರುವುದಿಲ್ಲ. ರಾಗಿ ಬೇಕಿದ್ದರೆ ಇದನ್ನು ತೆರೆಯಬೇಡಿ, ಪಕ್ಕದ್ದನ್ನು ತೆರೆಯಿರಿ." ದೊಡ್ಡ ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಅದಕ್ಕೆ "ಅಕ್ಕಿ. ಸದ್ಯಕ್ಕೆ ಖಾಲಿ" ಎಂದು ಅಂಟಿಸಿದೆ. ಮಿಕ್ಕ ಚೀಟಿಗಳನ್ನು ನೋಡಿ ಹಣೆ ಚಚ್ಚಿಕೊಂಡ ನಾಗರತ್ನ ಇದೊಂದನ್ನು ನೋಡಿದವಳೇ ಪರಪರನೆ ಕಿತ್ತಳು.

"ಅಕ್ಕಿ ಡಬ್ಬಿ ಮೇಲೆ ಖಾಲಿ ಅಂತ ಬರೀತಾರಾ ಯಾರಾದ್ರೂ? ಬಾಯಲ್ಲಿ ಅನ್ನೋದೇ ತಪ್ಪು. ಅಕ್ಕಿ ತರಬೇಕು ಅನ್ನಬೇಕು, ಇಲ್ಲ ಅನ್ನಬಾರ್ದು. ಎಂ.ಎ. ಓದಿ ಇಷ್ಟು ಗೊತ್ತಿಲ್ವಾ?"

ಗೊತ್ತಿತ್ತು. ನಮ್ಮ ಅವ್ವನೂ ಹಾಗೇ, ಅಕ್ಕಿ ಮುಗಿದರೂ ಒಂದು ಹಿಡಿ ತಳದಲ್ಲಿ ಉಳಿಸಿಯೇ ಡಬ್ಬಿ ಮುಚ್ಚುತ್ತಿದ್ದಳು. ತಪ್ಪಾಯಿತು ಎಂದು ಕೆನ್ನೆ ಮುಟ್ಟಿಕೊಂಡು ಅಂಗಡಿಗೆ ಹೋಗಿ ಅಕ್ಕಿ ತಂದೆ. ಆ ಚೀಟಿಯಿಂದ ನಾನು ಕಲಿಯಬೇಕಾದದ್ದು ಬಹಳ ಇತ್ತು, ಆದರೆ ಅಂದು ಕಲಿತದ್ದು ಹೆಂಡತಿಯ ಅಡುಗೆಮನೆಗೆ ಕೈ ಹಾಕಬಾರದು ಎಂಬುದಷ್ಟೇ.

ಹಿರಿಯರ ಹಬ್ಬದ ಹೊತ್ತಿಗೆ ಹದಿನಾಲ್ಕೂ ವಿವರಣೆಗಳು ಮುಗಿದಿದ್ದವು. ಡೇರಿವಾರು ವರದಿಯ ವಿವರಣೆ ನನ್ನ ಹೆಮ್ಮೆಯದು: "ಪ್ರತಿ ಹಳ್ಳಿಯ ಡೇರಿಯಿಂದ ಪ್ರತಿ ದಿನ ಬಂದ ಹಾಲು, ಲೀಟರುಗಳಲ್ಲಿ. ದಿನ ಎಂದರೆ ಹಿಂದಿನ ಸಂಜೆ ಮತ್ತು ಆ ಬೆಳಗು. ವ್ಯಾನು ಹೋಗದ ದಿನ ಸೊನ್ನೆ ಇರುತ್ತದೆ, ಅಂಥ ದಿನವನ್ನು ಸರಾಸರಿಗೆ ಸೇರಿಸಬಾರದು." ಒಂದು ವಿಶೇಷಣವಿಲ್ಲ. ಸುಷ್ಮಾ ಓದಿ, "ಸೂಪರ್ ಸರ್" ಎಂದಳು. ಏಜೆಂಟ್ ಕೇಳಿದ್ದಕ್ಕೆಲ್ಲ ಟಕಟಕ ಉತ್ತರ ಹೇಳತೊಡಗಿತು.

ಆ ವರ್ಷ ಮಳೆ ಹಬ್ಬ ಮುಗಿದ ಮೇಲೆ ಹಿಡಿದುಕೊಂಡಿತು. ಬಂಡೆಗಳ ಮೇಲಿಂದ ನೀರು ಬಿಳಿ ಗೆರೆಗಳಾಗಿ ಇಳಿಯುತ್ತಿತ್ತು. ಕೂಟಗಲ್ ಕಡೆಯ ಹಳ್ಳಗಳೆಲ್ಲ ತುಂಬಿ, ಕೆಂಪಣ್ಣ ದಿನವೂ ಮೊಣಕಾಲುದ್ದ ಕೆಸರಿನಲ್ಲಿ ಬಂದು, "ಇವತ್ತು ಆ ಊರಿಗೆ ಹೋಗಕಾಗ್ಲಿಲ್ಲ, ಈ ಊರಿಗೆ ಹೋಗಕಾಗ್ಲಿಲ್ಲ" ಎಂದು ಒಪ್ಪಿಸುತ್ತಿದ್ದ. ವ್ಯಾನು ಸುಮ್ಮನೆ ತಿರುಗುತ್ತಿದೆ ಎಂದು ಮೇಲಿನವರಿಂದ ತಿಮ್ಮೇಗೌಡರಿಗೆ ಒತ್ತಡ ಬಂತು. ಅವರು ಏಜೆಂಟನ್ನೇ ಕೇಳಿದರು: ಯಾವ ಊರಿಗೆ ವ್ಯಾನು ಹೋಗುವುದನ್ನು ನಿಲ್ಲಿಸಬಹುದು?

ಏಜೆಂಟ್ ಪಟ್ಟಿ ಕೊಟ್ಟಿತು. ಮೊದಲ ಹೆಸರು ಹುಣಸೆದೊಡ್ಡಿ ಮಹಿಳಾ ಡೇರಿ. ಕಾರಣವನ್ನೂ ಬರೆದಿತ್ತು: "ಕಳೆದ ತಿಂಗಳಲ್ಲಿ ಆರು ದಿನ ವ್ಯಾನು ಕೇವಲ ಒಂದೊಂದು ಲೀಟರ್ ಹಾಲಿಗಾಗಿ ಈ ಊರಿಗೆ ಹೋಗಿ ಬಂದಿದೆ." ಗೌಡರಿಗೆ ಮೈಯೆಲ್ಲ ಉರಿಯಿತು. ಮುಂದಿನ ತಿಂಗಳಿಂದ ವ್ಯಾನು ಹುಣಸೆದೊಡ್ಡಿಯೊಳಗೆ ಬರುವುದಿಲ್ಲ, ಕ್ಯಾನುಗಳನ್ನು ಮುಖ್ಯರಸ್ತೆಗೆ ತಂದು ಕೊಡಬೇಕು ಎಂದು ಪತ್ರ ಟೈಪು ಮಾಡಿಸಿದರು. ಟೈಪು ಮಾಡಿದವನು ನಾನೇ. ತಲೆ ಓಡಲಿಲ್ಲ. ಹೊಸ ಯಂತ್ರ ಇಷ್ಟು ಬೇಗ ಇಷ್ಟು ಚೆಂದದ ಕಾರಣ ಕೊಟ್ಟಿತಲ್ಲ ಎಂಬ ಸಂಭ್ರಮದಲ್ಲಿದ್ದೆ.

ಪತ್ರ ಹೋದ ಎರಡನೆಯ ದಿನ ಬೆಳಿಗ್ಗೆ ಕೆಂಪಣ್ಣನ ವ್ಯಾನಿನಿಂದ ಕ್ಯಾನುಗಳ ಜೊತೆ ಜಯಮ್ಮನೂ ಇಳಿದಳು. ಹುಣಸೆದೊಡ್ಡಿ ಡೇರಿಯ ಸೆಕ್ರೆಟರಿ. ಐವತ್ತು ದಾಟಿದ ಗಟ್ಟಿ ಹೆಂಗಸು, ಒಂದು ಕೈಯಲ್ಲಿ ನಮ್ಮ ಪತ್ರ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಡೇರಿಯ ಬುಕ್ಕು. ದಾರಿಯಲ್ಲಿ ಕೆಂಪಣ್ಣ ಎಲ್ಲ ಹೇಳಿದ್ದಿರಬೇಕು, ನೇರ ಒಳಗೆ ಬಂದು, "ಎಲ್ಲವ್ನೆ ಆ ಏಜೆಂಟು? ನನ್ ಮುಂದ್ಗಡೆ ಕುಂಡ್ರಿಸಿ ಅವನ್ನ. ಮೊಕಾ ನೋಡ್ಬೇಕು" ಎಂದಳು.

ಸುಷ್ಮಾ ಕಂಪ್ಯೂಟರ್ ತೋರಿಸಿದಳು. ಜಯಮ್ಮ ಪರದೆಯನ್ನು ಮೇಲಿಂದ ಕೆಳಗೆ ನೋಡಿ, ಅದನ್ನು ಬಿಟ್ಟು ತಿಮ್ಮೇಗೌಡರ ಕಡೆ ತಿರುಗಿದಳು.

"ಸ್ವಾಮಿ, ಮದ್ಲು ನಾವು ಕೂಟಗಲ್ಲಿಗೆ ತಲೆ ಮ್ಯಾಲೆ ಹಾಲು ಹೊತ್ಕೊಂಡ್ ಹೋಯ್ತಿದ್ವಿ. ನಮ್ಮೂರ್ಗೆ ವ್ಯಾನು ಬರಂಗೆ ಮಾಡಕೆ ನಂಗೆ ಮೂರು ವರ್ಸ ಹಿಡೀತು. ಮನೆಮನೆಗೂ ಹೋಗಿ, ಹಸ ಕಟ್ಟಿ ಕಟ್ಟಿ ಅಂತ ಹೇಳಿ ನಲವತ್ತು ಹೆಂಗಸರ್ನ ಸೇರ್ಸಿದೀನಿ. ಈಗ ರಸ್ತೆಗಂಟ ಹೊತ್ಕೊಂಡ್ ಬನ್ನಿ ಅಂದ್ರೆ, ಆ ಹಳ್ಳ ದಾಟಿ, ಆ ದಿಣ್ಣೆ ಹತ್ತಿ, ಯಾರು ಹೊತ್ತಾರು? ನಿಂಗಮ್ಮಂಗೆ ಎಪ್ಪತ್ತು ವರ್ಸ. ಅವ್ಳು ನಾಳೀಕೇ ಹಸ ಮಾರ್ಬುಡ್ತಾಳೆ. ಅವ್ಳು ಮಾರುದ್ರೆ ಪಕ್ಕದೋಳು. ಆಮ್ಯಾಕೆ ಡೇರಿಗೆ ಬೀಗ."

"ಆದ್ರೆ ಜಯಮ್ಮೋರೆ, ಒಂದು ಲೀಟರಿಗೆ ವ್ಯಾನು ಕಳಿಸೋಕೆ ಆಗುತ್ತಾ?" ಎಂದರು ಗೌಡರು. "ನೋಡಿ ಇಲ್ಲಿ, ಒಂದು, ಒಂದು, ಒಂದು..."

"ಕೆಂಪಣ್ಣ ಎಲ್ಲಿ ಬಂದಿದ್ದ ಆ ದಿನ?" ಎಂದಳು ಜಯಮ್ಮ.

ಬಾಗಿಲಲ್ಲಿದ್ದ ಕೆಂಪಣ್ಣ ಒಳಗೆ ಬಂದ. "ಸಾರ್, ಹಳ್ಳ ತುಂಬಿದ ಐದು ದಿನ ನಾನು ಆ ಕಡೆಗೆ ಹೋಗೇ ಇಲ್ಲ. ಹಿರಿಯರ ಹಬ್ಬದ ದಿನ ಅವ್ರು ಡೇರಿ ತೆಗೆಯಾಕಿಲ್ಲ. ಒಂದ್ ಲೀಟ್ರು ನಾನು ಯಾವತ್ತೂ ತಂದಿಲ್ಲ."

ತಿಮ್ಮೇಗೌಡರು ನನ್ನ ಕಡೆ ತಿರುಗಿದರು. ಸುಷ್ಮಾಳೂ ತಿರುಗಿದಳು. ಆಗ ನನಗೆ ನೆನಪಾಯಿತು, ಅಥವಾ ಎಂದೂ ಮರೆಯದಿದ್ದದ್ದು ಆಗ ಬಾಯಿಗೆ ಬಂತು. ನಮ್ಮ ಸುತ್ತಿನ ಬಹುಪಾಲು ಡೇರಿಗಳಲ್ಲಿ ಹಾಲಿಗೆ ಸೊನ್ನೆ ಬರೆಯುವುದಿಲ್ಲ. ಹಾಲು ಬರದ ದಿನ, ಹಾಲು ಹೋಗದ ದಿನ, ಚೀಟಿಯಲ್ಲಿ 'ಒಂದು' ಎಂದು ಬರೆಯುತ್ತಾರೆ. ಹನ್ನೆರಡು ವರ್ಷ ಆ ಚೀಟಿಗಳನ್ನು ನೋಡಿ ಒಂದು ಎಂದೇ ಕುಟ್ಟಿದವನು ನಾನು. ಒಂದು ಎಂದರೆ ಏನೂ ಇಲ್ಲ ಎಂಬುದು ನನಗೆ ಗೊತ್ತಿತ್ತು, ಕೆಂಪಣ್ಣನಿಗೆ ಗೊತ್ತಿತ್ತು, ಕ್ಯಾನು ತೊಳೆಯುವವರಿಗೂ ಗೊತ್ತಿತ್ತು. ಅಷ್ಟೆಲ್ಲ ಗೊತ್ತಿದ್ದೂ ನನ್ನ ಹೆಮ್ಮೆಯ ವಿವರಣೆಯಲ್ಲಿ ವ್ಯಾನು ಹೋಗದ ದಿನ ಸೊನ್ನೆ ಇರುತ್ತದೆ ಎಂದು ಬರೆದಿದ್ದೆ. ಏಜೆಂಟ್ ಅದನ್ನು ನಂಬಿತ್ತು. ಸೊನ್ನೆ ಇಲ್ಲದ ಮೇಲೆ ವ್ಯಾನು ಹೋಗಿರಲೇಬೇಕಲ್ಲ! ಎತ್ತು ಈಯಿತು ಎಂದು ನಾನು ಬರೆದೆ, ಅದು ಕೊಟ್ಟಿಗೆಗೆ ಕಟ್ಟಿತು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಜಯಮ್ಮನ ಕೈಯಲ್ಲಿದ್ದ ಪತ್ರವನ್ನು ನೋಡಲಾಗಲಿಲ್ಲ. ಆದರೂ ವಿಷಯ ಬಿಡಿಸಿ ಹೇಳಿದೆ.

"ಒಂದು ಬರೆಯೋದ್ಯಾಕೆ ಅಮ್ಮಾ? ಇಲ್ಲದಿದ್ರೆ ಸೊನ್ನೆ ಬರೆದ್ರೆ ಆಯ್ತಲ್ಲ?" ಎಂದಳು ಸುಷ್ಮಾ, ನಿಜವಾದ ಕುತೂಹಲದಿಂದ.

ಜಯಮ್ಮ ಅವಳನ್ನು ಕನಿಕರದಿಂದ ನೋಡಿದಳು. "ಹಾಲಿಗೆ ಸೊನ್ನೆ ಬರೆದ್ರೆ ಹಸ ಬತ್ತೋಯ್ತವೆ ಕಣವ್ವಾ. ನಮ್ಮತ್ತೆ ಕಾಲ್ದಿಂದ ಯಾರೂ ಬರ್ದಿಲ್ಲ."

"ಅದೆಲ್ಲ ಮೂಢನಂಬಿಕೆ" ಎಂದರು ತಿಮ್ಮೇಗೌಡರು. ಕೆಲಸ ಸುಲಭವಾಗಿ ಮುಗಿಯುವ ದಾರಿ ಅವರಿಗೆ ಕಂಡಿತ್ತು. "ಜಯಮ್ಮೋರೆ, ಆ ಆರು ದಿನಕ್ಕೂ ಸೊನ್ನೆ ಅಂತ ತಿದ್ದಿಬಿಡಿ. ಪತ್ರ ವಾಪಸ್ ತಗೋತೀನಿ. ಇನ್ಮೇಲೂ ಸೊನ್ನೇನೇ ಬರೀರಿ."

"ನಾನ್ ಬರೆಯಾಕಿಲ್ಲ."

"ಬರೀದಿದ್ರೆ ವ್ಯಾನು ನಿಂತೋಗುತ್ತೆ!"

"ನಿಂತ್ಕಳ್ಳಿ. ವ್ಯಾನಿಲ್ದಿದ್ರೆ ಹೊತ್ತೇವು. ಹಸಾನೇ ಬತ್ತೋದ್ರೆ ಏನ್ ಹೊರಾದು?" ಬುಕ್ಕನ್ನು ಮೇಜಿನ ಮೇಲೆ ಇಟ್ಟಳು. "ಬೇಕಾದ್ರೆ ನೀವೇ ಬರ್ಕಳಿ ಸ್ವಾಮಿ. ನಿಮ್ಮನೆ ಹಸಾಗೆ ಬರ್ತದೆ ಅದು, ನಮ್ಗಲ್ಲ."

ಬೈರಮಂಗಲದ ಕಡೆ ಇದ್ದ ಗೌಡರ ಮನೆಯಲ್ಲಿ ಹಿಂದಿನ ವಾರವಷ್ಟೇ ಹಸು ಈದಿತ್ತು. ನಮಗೆಲ್ಲ ಗಿಣ್ಣು ಹಂಚಿದ್ದರು. ಮೇಜಿನ ಮೇಲಿದ್ದ ಬುಕ್ಕನ್ನು ಅವರು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಮೇಷ್ಟ್ರೇ, ನೀವೇ ಕಂಪ್ಯೂಟರಲ್ಲಿ ಹಾಕ್ಬಿಡಿ."

"ನಾನ್ಯಾಕೆ ಸಾರ್? ನಮ್ಮ ಅಣ್ಣನ ಮನೇಲಿ ನಾಲ್ಕು ಹಸು ಇವೆ" ಎಂದೆ. ನಾಗರತ್ನ ಅಕ್ಕಿ ಡಬ್ಬಿಯ ಚೀಟಿ ಕಿತ್ತದ್ದು ಕಣ್ಣಿಗೆ ಕಟ್ಟಿತ್ತು.

ಗೌಡರು ಕೆಂಪಣ್ಣನನ್ನು ನೋಡುವಷ್ಟರಲ್ಲಿ ಅವನು ಬಾಗಿಲಾಚೆ ಹೋಗಿ, "ಕ್ಯಾನು ಇಳಿಸ್ಬೇಕು ಸಾರ್, ಬತ್ತೀನಿ" ಎನ್ನುತ್ತಿದ್ದ. ಉಳಿದವಳು ಸುಷ್ಮಾ. ಹೊಸ ಕಾಲದವಳು, ಇಂಜಿನಿಯರ್, ಚನ್ನಪಟ್ಟಣದ ಬಾಡಿಗೆ ಮನೆಯಲ್ಲಿ ಹಸು ಎಲ್ಲಿಂದ ಬರಬೇಕು? ಎಲ್ಲರೂ ಅವಳನ್ನೇ ನೋಡಿದೆವು. ಅವಳ ಬೆರಳು ಕೀಲಿಮಣೆಯ ಸೊನ್ನೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡು, "ಸಾರಿ ಸರ್, ನಮ್ಮಜ್ಜಿ ಎರಡು ಎಮ್ಮೆ ಕಟ್ಟಿದಾರೆ" ಎಂದಳು.

ಜಯಮ್ಮನಿಗೆ ನಗು ತಡೆಯಲಾಗಲಿಲ್ಲ. "ಮೂಢನಂಬಿಕೆ ಅಂದ್ರಿ?" ಎಂದು ಗೌಡರನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕೊನೆಗೆ ಗೌಡರೂ ನಕ್ಕರು.

ನಗು ನಿಂತ ಮೇಲೆ ಸುಷ್ಮಾ ನನಗೆ ಕುರ್ಚಿ ಬಿಟ್ಟುಕೊಟ್ಟಳು. "ಸರ್, ಅಂಕಿ ಯಾಕೆ ಮುಟ್ಟಬೇಕು? ನೀವು ವಿವರಣೆ ತಿದ್ದಿ. ಅಮ್ಮ ಬರೆಯೋದನ್ನ ಬರೀಲಿ. ಅದರ ಅರ್ಥ ಏನು ಅಂತ ಏಜೆಂಟಿಗೆ ಹೇಳಿದ್ರೆ ಸಾಕು."

ನಾನು ಕೂತೆ. ಬದುಕಿನಲ್ಲಿ ಅಷ್ಟು ಎಚ್ಚರದಿಂದ ನಾಲ್ಕು ಸಾಲು ಬರೆದದ್ದಿಲ್ಲ. ಎಂ.ಎ. ಪರೀಕ್ಷೆಯಲ್ಲೂ ಇಲ್ಲ. ಬರೆದದ್ದನ್ನು ಜಯಮ್ಮನಿಗೆ ಗಟ್ಟಿಯಾಗಿ ಓದಿದೆ: "ಈ ವರದಿಯಲ್ಲಿ ಯಾವುದೇ ಡೇರಿಯ ಮುಂದೆ ಒಂದು ಲೀಟರ್ ಎಂದಿದ್ದರೆ ಆ ದಿನ ಅಲ್ಲಿಂದ ಹಾಲು ಬಂದಿಲ್ಲ ಎಂದೇ ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಹಾಲಿಗೆ ಸೊನ್ನೆ ಬರೆಯುವ ಪದ್ಧತಿಯಿಲ್ಲ. ಅಂಥ ದಿನವನ್ನು ಸರಾಸರಿಗೆ ಸೇರಿಸಬಾರದು. ವ್ಯಾನು ಹೋಗಿತ್ತೇ ಎಂಬುದನ್ನು ಈ ವರದಿಯಿಂದ ಊಹಿಸಬಾರದು, ರಂಗಪ್ಪನ ರಿಪೋರ್ಟಿನಲ್ಲಿ ನೋಡಬೇಕು."

ಜಯಮ್ಮ ತಲೆಯಾಡಿಸಿ, "ಇನ್ನೊಂದ್ ಸೇರ್ಸಿ ಸ್ವಾಮಿ. ಹಳ್ಳ ತುಂಬುದ್ರೆ ಅದು ಹೆಂಗಸರ ತಪ್ಪಲ್ಲ ಅಂತ" ಎಂದಳು. ಸುಷ್ಮಾ ಅದು ಬೇಕಾಗಿಲ್ಲ ಎನ್ನುವಂತೆ ಬಾಯಿ ತೆರೆದಳು. ನಾನು ಸೇರಿಸಿದೆ. "ಮಳೆಯಿಂದ ಹಳ್ಳ ತುಂಬಿ ಹಾಲು ಬರದಿದ್ದರೆ ಅದನ್ನು ಡೇರಿಯ ಕೊರತೆ ಎಂದು ಎಣಿಸಬಾರದು."

ತಿಮ್ಮೇಗೌಡರು ಅದೇ ಪ್ರಶ್ನೆಯನ್ನು ಮತ್ತೆ ಒಂದೇ ಬೆರಳಿನಲ್ಲಿ ಕುಟ್ಟಿದರು. ಜಯಮ್ಮ ಎರಡೂ ಕೈಯಲ್ಲಿ ಬುಕ್ಕನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಈಗ ನೆನೆದರೂ ಆ ಅರ್ಧ ನಿಮಿಷ ಬಹಳ ಉದ್ದವಾಗಿತ್ತು ಅನಿಸುತ್ತದೆ. ಪಟ್ಟಿ ಬಂತು. ಅದರಲ್ಲಿ ಹುಣಸೆದೊಡ್ಡಿ ಇರಲಿಲ್ಲ. ಕೆಳಗೆ ಏಜೆಂಟ್ ತಾನಾಗಿಯೇ ಒಂದು ಮಾತು ಸೇರಿಸಿತ್ತು: "ವ್ಯಾನು ಹೋದ ಎಲ್ಲ ದಿನಗಳಲ್ಲೂ ಹುಣಸೆದೊಡ್ಡಿಯಿಂದ ತಪ್ಪದೆ ಹಾಲು ಬಂದಿದೆ. ಹಿಂದಿನ ಉತ್ತರ ತಪ್ಪಾಗಿತ್ತು, ಕ್ಷಮಿಸಿ."

ನಾನು ಅದನ್ನೂ ಓದಿ ಹೇಳಿದೆ. ಜಯಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಪರದೆಯ ಹತ್ತಿರ ಬಂದು, "ಒಳ್ಳೇವ್ನೇ ಅವ್ನೆ. ಹೇಳಿಕೊಡೋರು ಸರಿಯಾಗಿ ಹೇಳಿಕೊಡ್ಬೇಕು" ಎಂದು ನನ್ನ ಕಡೆ ಒಂದು ನೋಟ ಬೀರಿದಳು. ಗೌಡರು ಪತ್ರವನ್ನು ಹರಿದರು. ಅವಳು ಹರಿದ ಚೂರುಗಳನ್ನೂ ಕೇಳಿ ಇಸಿದುಕೊಂಡು, ಊರಿನಲ್ಲಿ ತೋರಿಸಬೇಕೆಂದು ಬುಕ್ಕಿನೊಳಗೆ ಇಟ್ಟುಕೊಂಡಳು.

ಮಳೆ ನಿಂತಿತು. ದೀಪಾವಳಿ ಬಂತು. ಬಲಿಪಾಡ್ಯಮಿಯ ದಿನ ಹುಣಸೆದೊಡ್ಡಿಯಲ್ಲಿ ಹಾಲನ್ನೆಲ್ಲ ಕರುಗಳಿಗೇ ಬಿಡುತ್ತಾರೆ, ಡೇರಿ ತೆರೆಯುವುದಿಲ್ಲ. ಜಯಮ್ಮನ ಚೀಟಿಯ ಫೋಟೊ ಮಾತ್ರ ಎಂದಿನಂತೆ ಬಂತು, ಒಂದು ಎಂದು. ನಾನು ಕುಟ್ಟಿದೆ. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದ ಊರುಗಳ ಹಾಲು ತುಂಬಿಕೊಂಡು ಕೆಂಪಣ್ಣ ಬಂದ. ಕೈಯಲ್ಲಿ ಒಂದು ಲೀಟರಿನ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ಅರಿಸಿನ ಕುಂಕುಮ. "ಜಯಮ್ಮಕ್ಕ ಕೊಟ್ಟವ್ರೆ. ಕರ ಕುಡುದು ಮಿಕ್ಕಿದ್ದಂತೆ. ಆಫೀಸ್ನೋರೆಲ್ಲ ಕಾಫಿ ಕುಡೀರಿ ಅಂದ್ರು."

ಹಾಗೆ ನಮ್ಮ ಸೆಂಟರಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಚೀಟಿಯಲ್ಲಿ ಒಂದು ಲೀಟರ್ ಎಂದಿದ್ದ ದಿನ ಒಂದು ಲೀಟರ್ ಹಾಲು ಬಂತು. ಅಂಥ ಗಟ್ಟಿ ಹಾಲಿನ ಕಾಫಿಯನ್ನು ನಾನು ಆ ಸೆಂಟರಿನಲ್ಲಿ ಕುಡಿದದ್ದಿಲ್ಲ, ಹಾಲಿನ ಮಧ್ಯೆಯೇ ಇದ್ದರೂ. ಲೋಟ ಹಿಡಿದುಕೊಂಡೇ ತಿಮ್ಮೇಗೌಡರು ತಮಾಷೆಗೆಂದು ಏಜೆಂಟನ್ನು ಕೇಳಿದರು: ಇವತ್ತು ಹುಣಸೆದೊಡ್ಡಿಯಿಂದ ಎಷ್ಟು ಹಾಲು ಬಂತು?

"ಇಂದು ಹುಣಸೆದೊಡ್ಡಿಯಿಂದ ಹಾಲು ಬಂದಿಲ್ಲ" ಎಂದಿತು ಏಜೆಂಟ್. "ವರದಿಯಲ್ಲಿ ಕಾಣುವ ಒಂದು ಲೀಟರನ್ನು ಹಾಲೆಂದು ತಿಳಿಯಬಾರದು."

ನಾವು ಕಾಫಿ ಕುಡಿಯುತ್ತಾ ಒಪ್ಪಿಕೊಂಡೆವು. ವಿವರಣೆಗೆ ಇದನ್ನೂ ಸೇರಿಸಬೇಕೇ ಎಂದು ಗೌಡರು ಕೇಳಿದರು. ಕುಡಿದಾಯಿತಲ್ಲ ಸಾರ್, ಬೇಡ ಎಂದೆ.

ಡಬ್ಬಿ ತೊಳೆದು ಕಳಿಸುವ ಮುನ್ನ ಜಯಮ್ಮನಿಗೆ ಫೋನು ಮಾಡಿ, ಕಾಫಿ ಬಹಳ ಚೆನ್ನಾಗಿತ್ತು, ಆದರೆ ಹುಣಸೆದೊಡ್ಡಿಯಿಂದ ಹಾಲೇ ಬಂದಿಲ್ಲ ಎಂದು ಏಜೆಂಟ್ ಹೇಳುತ್ತಿದೆ ಎಂದು ನಗುತ್ತಾ ಹೇಳಿದೆ. ಆ ಕಡೆ ಹಟ್ಟಿಯಲ್ಲಿ ಕರುಗಳ ಗಂಟೆ ಕೇಳಿಸುತ್ತಿತ್ತು. ಅವಳು ನಗಲಿಲ್ಲ.

"ಅಯ್ಯೋ, ಪಾಪ, ಅವ್ನಿಗೆ ಸಿಗ್ಲಿಲ್ವಾ? ನೀವ್ ನೀವೇ ಕುಡ್ಕಂಡ್ಬುಟ್ರಾ?" ಎಂದಳು. "ಇರ್ಲಿ ಬುಡಿ ಸ್ವಾಮಿ, ನಾಳೀಕೆ ಇನ್ನೊಂದ್ ಲೀಟ್ರು ಕಳುಸ್ತೀನಿ. ಅದನ್ನ ಅವ್ನಿಗೇ ಕೊಡಿ."

ಮಾರನೆಯ ದಿನ ಕ್ಯಾನುಗಳ ಜೊತೆ ಬೇರೆಯಾಗಿ ಆ ಡಬ್ಬಿ ಮತ್ತೆ ಬಂತು. ಏಜೆಂಟ್ ಹಾಲು ಕುಡಿಯುವುದಿಲ್ಲ ಎಂಬ ಒಂದು ಸಾಲನ್ನು ಜಯಮ್ಮನಿಗೆ ಬಿಡಿಸಿ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಸ್ಪಷ್ಟವಾಗಿ ಹೇಳುವುದರಲ್ಲಿ ನನ್ನಷ್ಟು ಪಳಗಿದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಆದರೂ, ನನಗೆ ಕನಕಪುರಕ್ಕೆ ವರ್ಗವಾಗುವವರೆಗೂ, ಪ್ರತಿ ಹಬ್ಬಕ್ಕೂ ಆ ಡಬ್ಬಿ ಬರುತ್ತಲೇ ಇತ್ತು. ನಾನು ಹೇಳಲಿಲ್ಲ.